ಬೀದಿನಾಯಿ ಸಂತಾನಹರಣ ಆಪರೇಷನ್: ಪ್ರಾಣಿ ಕಲ್ಯಾಣ ಸಂಸ್ಥೆಗೆ ಕೊಡುವುದೋ, ನಗರಸಭೆಯೇ ಮಾಡುವುದೋ?

ಯಾರೇ ಮಾಡಿದರೂ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕೇ ಬೇಕು. ಅದಿಲ್ಲದವರ ಕಡತವನ್ನು ಅಲ್ಲೇ ಮುಚ್ಚಿಬಿಡಿ.

ಸ್ವಂತ ಕೇಂದ್ರವಾದರೆ ಹಿಡಿತ ನಿಮ್ಮದೇ. ಆದರೆ ಡಾಕ್ಟರ್, ನಾಯಿ ಹಿಡಿಯುವವರು, ಗಾಡಿ, ಗೂಡು, ಎಲ್ಲದಕ್ಕೂ ವರ್ಷವಿಡೀ ಖರ್ಚು. ಡಾಕ್ಟರ್‌ಗೆ ವರ್ಗವಾದರೆ ಕೆಲಸ ನಿಂತಂತೆಯೇ.

ಸಂಸ್ಥೆಗೆ ಕೊಟ್ಟರೆ ಬೇಗ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು ನಾಯಿಗೆ ಇಷ್ಟು ಅಂತ ದರ. ತೊಡಕಿರುವುದೂ ಅಲ್ಲೇ. ತಲೆಲೆಕ್ಕಕ್ಕೆ ದುಡ್ಡು ಅಂದಮೇಲೆ ತಲೆಗಳೇ ಜಾಸ್ತಿಯಾಗಬಹುದು, ಅಲ್ವಾ? ಹಿಡಿದ ಜಾಗ, ಬಿಟ್ಟ ಜಾಗ, ಫೋಟೊ ಇಲ್ಲದೆ ಬಿಲ್ ಪಾಸ್ ಮಾಡಬೇಡಿ. ತೆಗೆದ ಅಂಗಗಳನ್ನು ಎಣಿಸಿ, ಆಪರೇಷನ್ ಆಗಿದೆ ಎಂದು ಕಿವಿಗೆ ಮಾಡಿದ ಗುರುತು ನೋಡಿ. ತೀರಾ ಕಡಿಮೆ ದರ ಹಾಕಿದವರ ಮೇಲೆ ನನಗಂತೂ ಅನುಮಾನ. ಗಾಯ ಮಾಯುವ ಮೊದಲೇ ಬೀದಿಗೆ ಬಿಟ್ಟರೆ ಉಳಿತಾಯ ಅವರಿಗೆ, ನರಳಾಟ ನಾಯಿಗೆ.

ಸಣ್ಣ ಊರಿಗೆ ನನ್ನ ಓಟು ಇದಕ್ಕೆ: ಕಟ್ಟಡ ನಗರಸಭೆಯದು, ನಡೆಸುವುದು ಸಂಸ್ಥೆ. ಸಂಸ್ಥೆ ಬದಲಾದರೂ ಕೇಂದ್ರ ಉಳಿಯುತ್ತದೆ.

ಇನ್ನೊಂದು ವಿಷಯ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ವಾಪಸ್ ಅಲ್ಲೇ ಬಿಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವುಗಳ ಶೆಲ್ಟರ್ ಯಾರ ಹೊಣೆ ಎಂಬುದನ್ನು ಟೆಂಡರ್‌ನಲ್ಲೇ ಬರೆಸಿಕೊಳ್ಳಿ.