ಜ್ವರದ ಊರಿನಲ್ಲಿ ಕಾಫಿ ಹೌಸ್ ನಡೆಸಿದ ಹುಡುಗಿ: ‘ಫೀವರ್ 1793’

ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಫೀವರ್ 1793’ ಹದಿಹರೆಯದ ಓದುಗರಿಗೆಂದು ಬರೆದ ಇಂಗ್ಲಿಷ್ ಕಾದಂಬರಿ. 2000ದಲ್ಲಿ ಮೊದಲು ಪ್ರಕಟವಾದ ಈ ಪುಸ್ತಕವನ್ನು ಅಮೆರಿಕದ ಹಲವು ಶಾಲೆಗಳಲ್ಲಿ ಇತಿಹಾಸದ ಪಾಠದ ಜೊತೆಗೆ ಓದಿಸುತ್ತಾರೆ. ಅದರ ಪೇಪರ್‌ಬ್ಯಾಕ್ ಪ್ರತಿಯನ್ನು ನಮ್ಮಲ್ಲಿಯೂ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಹೈಸ್ಕೂಲಿನ ಮಕ್ಕಳಿಗೆ ಕೊಡಿಸಲು ಒಳ್ಳೆಯ ಪುಸ್ತಕ ಹುಡುಕುತ್ತಿರುವವರು ಇದನ್ನು ಕೊಳ್ಳಬಹುದೇ ಎಂದು ಕೇಳಿದರೆ, ಧಾರಾಳವಾಗಿ ಕೊಳ್ಳಬಹುದು ಎನ್ನುತ್ತೇನೆ. ಆದರೆ ಸಾಂಕ್ರಾಮಿಕ ರೋಗದ ಭೀಕರ ಚಿತ್ರಣ ಇದೆ ಎಂಬ ಕಾರಣಕ್ಕಲ್ಲ. ಒಬ್ಬ ಹುಡುಗಿ ದೊಡ್ಡವಳಾಗುವುದನ್ನು ಪ್ರೇಮದ ಮೂಲಕವೋ ಉಪದೇಶದ ಮೂಲಕವೋ ತೋರಿಸದೆ, ಅವಳ ಕೈಗೆ ಬಂದ ಕೆಲಸ ಮತ್ತು ಅವಳೇ ತೆಗೆದುಕೊಳ್ಳಬೇಕಾಗಿ ಬಂದ ತೀರ್ಮಾನಗಳ ಮೂಲಕ ತೋರಿಸಿರುವುದರಿಂದ ಇದು ಓದಲು ತಕ್ಕ ಪುಸ್ತಕವಾಗಿದೆ.

ಕಥೆ ನಡೆಯುವುದು 1793ರ ಫಿಲಡೆಲ್ಫಿಯಾದಲ್ಲಿ. ಆಗ ಅದು ಅಮೆರಿಕದ ರಾಜಧಾನಿ. ಜನಸಂಖ್ಯೆ ಸುಮಾರು 50,000. ಕೆರಿಬಿಯನ್ ಸಮುದ್ರದ ಸೇಂಟ್ ಡೊಮಿಂಗ್‌ನಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ, ನಡೆಯುತ್ತಿದ್ದ ದಂಗೆಯಿಂದ ತಪ್ಪಿಸಿಕೊಂಡ ನಿರಾಶ್ರಿತರ ಹಡಗುಗಳು ಆ ಬೇಸಿಗೆಯಲ್ಲಿ ಊರಿನ ಬಂದರಿಗೆ ಬಂದವು, ಅವುಗಳ ಜೊತೆಗೆ ಹಳದಿ ಜ್ವರವೂ ಬಂದಿತು. ಆಗಸ್ಟ್ ತಿಂಗಳಿನಲ್ಲಿ ಡೆಲವೇರ್ ನದಿಯ ದಂಡೆಯ ಓಣಿಗಳಲ್ಲಿ ಕಾಣಿಸಿಕೊಂಡ ರೋಗ ನವೆಂಬರಿನ ಹಿಮ ಬೀಳುವಷ್ಟರಲ್ಲಿ ಸುಮಾರು 5,000 ಜನರನ್ನು, ಅಂದರೆ ಊರಿನ ಹತ್ತರಲ್ಲಿ ಒಬ್ಬರನ್ನು, ಬಲಿ ತೆಗೆದುಕೊಂಡಿತು. ಅನುಕೂಲವಿದ್ದವರು ಗಾಡಿ ಕಟ್ಟಿಕೊಂಡು ಹೊರಟರು. ಊರು ಬಿಟ್ಟವರು 20,000ದಷ್ಟಿರಬಹುದೆಂಬ ಅಂದಾಜಿದೆ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸೆಪ್ಟೆಂಬರ್ 10ರಂದು ಮೌಂಟ್ ವರ್ನನ್‌ನ ತಮ್ಮ ಮನೆಗೆ ತೆರಳಿದರು. ಖಜಾನೆಯ ಮುಖ್ಯಸ್ಥ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಸ್ವತಃ ಜ್ವರ ಹಿಡಿದು ಮಲಗಿ, ಬದುಕಿ ಉಳಿದರು. ಸಾವು ಬಂದಾಗಲೆಲ್ಲ ಬಾರಿಸುತ್ತಿದ್ದ ಇಗರ್ಜಿಯ ಗಂಟೆಗಳು ಜನರ ಧೈರ್ಯವನ್ನೇ ಕುಗ್ಗಿಸುತ್ತಿವೆ ಎಂದು ವೈದ್ಯರು ಹೇಳಿ ಅವುಗಳನ್ನು ನಿಲ್ಲಿಸಬೇಕಾಯಿತು. ಜನ ವಿನಿಗರ್ ಅದ್ದಿದ ಬಟ್ಟೆಯನ್ನು ಮೂಗಿಗೆ ಹಿಡಿದುಕೊಂಡರು, ಕರ್ಪೂರದ ಚೀಲಗಳನ್ನು ಇಟ್ಟುಕೊಂಡರು, ಗಾಳಿ ಶುದ್ಧವಾಗಲೆಂದು ಬೀದಿಯಲ್ಲಿ ಬಂದೂಕು ಹಾರಿಸಿದರು.

ರೋಗಕ್ಕೆ ಕಾರಣ ಬಂದರಿನಲ್ಲಿ ಕೊಳೆಯುತ್ತ ಬಿದ್ದಿದ್ದ ಕಾಫಿ ಬೀಜದ ದುರ್ಗಂಧ ಎಂಬುದು ಊರಿನ ಅತ್ಯಂತ ಹೆಸರುವಾಸಿ ವೈದ್ಯ ಬೆಂಜಮಿನ್ ರಶ್ ಅವರ ನಂಬಿಕೆಯಾಗಿತ್ತು. ಕಾದಂಬರಿಯ ನಾಯಕಿ ಬದುಕುತ್ತಿರುವುದು ಕಾಫಿ ಹೌಸ್ ಒಂದರ ಮಹಡಿಯ ಮೇಲೆ! ಲೇಖಕಿ ಈ ವ್ಯಂಗ್ಯವನ್ನು ಒತ್ತಿ ಹೇಳಲು ಹೋಗುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವ್ಯಂಗ್ಯವನ್ನು ಅವರು ಮೊದಲ ಪುಟದಲ್ಲಿಯೇ ಇಟ್ಟಿದ್ದಾರೆ. ಹುಡುಗಿಯನ್ನು ನಿದ್ದೆಯಿಂದ ಎಬ್ಬಿಸುವ ಸದ್ದುಗಳಲ್ಲಿ ಒಂದು ತಾಯಿಯ ಬೈಗುಳ, ಇನ್ನೊಂದು ಕಿವಿಯ ಬಳಿ ಗುಂಯ್‌ಗುಡುವ ಸೊಳ್ಳೆ. ಹಳದಿ ಜ್ವರವನ್ನು ಹರಡುವುದು ಸೊಳ್ಳೆಯೇ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಹೇಳಿದ್ದು 1881ರಲ್ಲಿ. ವಾಲ್ಟರ್ ರೀಡ್ ನೇತೃತ್ವದ ತಂಡ ಅದನ್ನು ಪ್ರಯೋಗದಿಂದ ದೃಢಪಡಿಸಿದ್ದು 1900ರಲ್ಲಿ. ಆದ್ದರಿಂದ ಈ ಪುಸ್ತಕದ ಪಾತ್ರಗಳಿಗೆ ಗೊತ್ತಿಲ್ಲದ ಸಂಗತಿಯೊಂದು ಓದುಗರಿಗೆ ಮೊದಲಿನಿಂದಲೂ ಗೊತ್ತಿರುತ್ತದೆ, ಮತ್ತು ಪುಟಗಳ ನಡುವೆ ಸೊಳ್ಳೆ ಸುಳಿದಾಗಲೆಲ್ಲ ಓದುಗರ ಎದೆ ಧಸಕ್ಕೆನ್ನುತ್ತದೆ. ಇದನ್ನು ಓದಿದ ನನ್ನ ಅಕ್ಕನ ಮಗಳು, “ಚಿಕ್ಕಮ್ಮ, ಅವರ ಮನೆಯಲ್ಲಿ ಸೊಳ್ಳೆ ಪರದೆ ಇರಲಿಲ್ಲವಾ?” ಎಂದು ಸಿಟ್ಟಿನಿಂದಲೇ ಕೇಳಿದಳು. ಡೆಂಗೆ, ಚಿಕುನ್‌ಗುನ್ಯಗಳನ್ನು ಕಂಡಿರುವ ನಮ್ಮ ಮಕ್ಕಳಿಗೆ ಈ ಕಥೆ ಪರಕೀಯವಾಗುವುದಿಲ್ಲ. ಅವುಗಳನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡುತ್ತದೆ. ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ, ಆದರೆ ಸೊಳ್ಳೆ ಇದೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ರೋಗಪೀಡಿತ ದೇಶಗಳಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರವನ್ನು ಕೇಳುವುದು ಈ ಕಾರಣಕ್ಕಾಗಿಯೇ.

ನಾಯಕಿ ಮಟಿಲ್ಡಾ ಕುಕ್‌ಳನ್ನು ಎಲ್ಲರೂ ಮ್ಯಾಟಿ ಎನ್ನುತ್ತಾರೆ. ವಯಸ್ಸು ಹದಿನಾಲ್ಕು. ಬಡಗಿಯಾಗಿದ್ದ ತಂದೆ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಾನೆ. ತಾಯಿ ಕಾಫಿ ಹೌಸ್ ನಡೆಸಿ ಮನೆಯನ್ನು ನಿಭಾಯಿಸಿದ್ದಾಳೆ. ಹಿಂದೆ ಸೈನ್ಯದಲ್ಲಿದ್ದ ಅಜ್ಜ ಯುದ್ಧದ ಕಥೆಗಳನ್ನು ಹೇಳಿಕೊಂಡು, ಒಂದು ಗಿಳಿಯನ್ನು ಸಾಕಿಕೊಂಡು ಕಾಲ ಕಳೆಯುತ್ತಿದ್ದಾನೆ. ತಡವಾಗಿ ಏಳುವುದು, ಕೆಲಸ ತಪ್ಪಿಸಿಕೊಳ್ಳುವುದು, ತಾಯಿಗೆ ಎದುರುತ್ತರ ಕೊಡಲು ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿಕೊಳ್ಳುವುದು, ಇವೆಲ್ಲ ಯಾವ ಊರಿನ ಹದಿನಾಲ್ಕರ ಹುಡುಗಿಗೂ ಒಪ್ಪುವ ಗುಣಗಳೇ. ಆದರೆ ಅವಳ ಹಗಲುಗನಸುಗಳನ್ನು ಗಮನಿಸಬೇಕು. ಪಕ್ಕದ ಜಾಗವನ್ನು ಕೊಂಡು ಅಂಗಡಿಯನ್ನು ವಿಸ್ತರಿಸಬೇಕು, ಪ್ಯಾರಿಸ್ಸಿನಿಂದ ಸರಕು ತರಿಸಬೇಕು ಎಂದು ಅವಳು ಲೆಕ್ಕ ಹಾಕುತ್ತಿರುತ್ತಾಳೆ. ತಾಯಿಯ ಲೆಕ್ಕವೇ ಬೇರೆ: ಅನುಕೂಲಸ್ಥರ ಮನೆಯ ಹುಡುಗನೊಬ್ಬನಿಗೆ ಮಗಳನ್ನು ಕೊಟ್ಟರೆ ಚಿಂತೆ ಕಳೆಯಿತು ಎಂಬ ಎಣಿಕೆಯಿಂದ ಆಕೆ ಮಗಳಿಗೆ ಬಿಗಿಯಾದ ಉಡುಪು ತೊಡಿಸಿ ಶ್ರೀಮಂತರ ಮನೆಯ ಚಹಾಕೂಟಕ್ಕೆ ಕರೆದೊಯ್ಯುತ್ತಾಳೆ. ನಮ್ಮ ಓದುಗರಿಗೆ ಈ ಅಧ್ಯಾಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪುಸ್ತಕದ ಅತ್ಯಂತ ತಮಾಷೆಯ ಪುಟಗಳು ಇವು, ಮತ್ತು ಜ್ವರ ಮೊದಲ ಬಾರಿಗೆ ಅಂತಸ್ತಿನ ಗೋಡೆಯನ್ನು ದಾಟಿ ಬರುವುದೂ ಇಲ್ಲಿಯೇ.

ತಾಯಿಗೆ ಜ್ವರ ಬಂದ ಮೇಲೆ ಅಜ್ಜನೂ ಮೊಮ್ಮಗಳೂ ಊರು ಬಿಟ್ಟು ಹೊರಡುವ ಭಾಗ ಕಾದಂಬರಿಯ ವೇಗವನ್ನು ಹೆಚ್ಚಿಸುತ್ತದೆ. ಫಿಲಡೆಲ್ಫಿಯಾದಿಂದ ಬಂದವರೆಂದರೆ ಸುತ್ತಲಿನ ಊರುಗಳವರು ಗಡಿಯಲ್ಲಿಯೇ ತಡೆದು ವಾಪಸು ಕಳಿಸುತ್ತಾರೆ. ಕೆಮ್ಮಿದವನನ್ನು ಗಾಡಿಯಿಂದ ಇಳಿಸಿಬಿಡುತ್ತಾರೆ. 2020ರಲ್ಲಿ ಮಹಾನಗರಗಳಿಂದ ಊರಿಗೆ ನಡೆದುಹೋದವರನ್ನು ಹಳ್ಳಿಯ ಬಾಗಿಲಲ್ಲಿ ತಡೆದದ್ದು ನೆನಪಿರುವವರಿಗೆ ಇಲ್ಲಿ ಓದು ನಿಲ್ಲುತ್ತದೆ. ಅಜ್ಜನನ್ನು ನೆರಳಿನಲ್ಲಿ ಕೂರಿಸಿ ನೀರು ಹುಡುಕುವುದು, ಹಣ್ಣು ಹುಡುಕುವುದು, ಇರುವ ಸ್ವಲ್ಪವನ್ನು ಎಷ್ಟು ದಿನಕ್ಕೆ ಹಂಚಬೇಕೆಂದು ಯೋಚಿಸುವುದು, ಇವು ಮ್ಯಾಟಿಯ ಪಾಲಿಗೆ ಬಂದಾಗ ಕಾಪಾಡುವವರು ಯಾರು, ಕಾಪಾಡಿಸಿಕೊಳ್ಳುವವರು ಯಾರು ಎಂಬುದು ಸದ್ದಿಲ್ಲದೆ ತಿರುವುಮುರುವಾಗುತ್ತದೆ. ಲೇಖಕಿ ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಅವಳಿಗೂ ಜ್ವರ ಬಂದು, ಕಣ್ಣು ಬಿಟ್ಟಾಗ ಬುಷ್ ಹಿಲ್‌ನಲ್ಲಿರುತ್ತಾಳೆ. ಊರ ಹೊರಗಿನ ಶ್ರೀಮಂತರ ಬಂಗಲೆಯೊಂದನ್ನು ರೋಗಿಗಳಿಗಾಗಿ ವಶಪಡಿಸಿಕೊಂಡು ಮಾಡಿದ ಆಸ್ಪತ್ರೆ ಅದು; ಮೊದಮೊದಲು ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ಜನ ನಡುಗುತ್ತಿದ್ದರು. ಸ್ಟೀಫನ್ ಜಿರಾರ್ಡ್ ಎಂಬ ಫ್ರೆಂಚ್ ಮೂಲದ ವರ್ತಕ ಮತ್ತು ಪೀಟರ್ ಹೆಲ್ಮ್ ಎಂಬವರು ತಾವಾಗಿಯೇ ಮುಂದೆ ಬಂದು ಅದರ ಉಸ್ತುವಾರಿ ವಹಿಸಿಕೊಂಡ ಮೇಲೆ ಸ್ಥಿತಿ ಬದಲಾಯಿತು. ಸೇಂಟ್ ಡೊಮಿಂಗ್‌ನಿಂದ ಬಂದಿದ್ದ ವೈದ್ಯ ಜಾನ್ ದೆವೇಜ್ ಅಲ್ಲಿ ಅನುಸರಿಸಿದ್ದು ಸೌಮ್ಯ ಕ್ರಮವನ್ನು: ವಿಶ್ರಾಂತಿ, ಶುಚಿತ್ವ, ಸಾಕಷ್ಟು ಪಾನೀಯ. ಊರೊಳಗೆ ರಶ್ ಅವರು ಮಾಡುತ್ತಿದ್ದುದು ಇದಕ್ಕೆ ಪೂರ್ಣ ವಿರುದ್ಧ. ಪಾದರಸದ ಪುಡಿಯನ್ನೂ ಜಾಲಪ್ ಎಂಬ ಬೇರನ್ನೂ ಕೊಟ್ಟು ಹೊಟ್ಟೆಯನ್ನು ಖಾಲಿ ಮಾಡಿಸುವುದು, ನರ ಕೊಯ್ದು ಬಟ್ಟಲುಗಟ್ಟಲೆ ರಕ್ತ ಹರಿಸುವುದು. ಅವರು ಸಾಮಾನ್ಯರಲ್ಲ, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. ಊರು ಬಿಟ್ಟು ಓಡಿಹೋಗದೆ ಹಗಲಿರುಳು ರೋಗಿಗಳನ್ನು ನೋಡಿದರು, ಆ ದಿನಗಳಲ್ಲಿ ತಂಗಿಯನ್ನು ಕಳೆದುಕೊಂಡರು, ತಾವೂ ಜ್ವರ ಹಿಡಿದು ಉಳಿದರು. ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ಆದರೆ ಮನುಷ್ಯನ ದೇಹದಲ್ಲಿ ಎಷ್ಟು ರಕ್ತವಿರುತ್ತದೆ ಎಂಬುದನ್ನೇ ಅವರು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಅಂದಾಜು ಮಾಡಿದ್ದರು.

ನನ್ನ ದೃಷ್ಟಿಯಲ್ಲಿ ಪುಸ್ತಕದ ಜೀವಾಳ ಇರುವುದು ಈ ಎರಡು ಚಿಕಿತ್ಸೆಗಳ ನಡುವೆ ಮ್ಯಾಟಿ ಸಿಲುಕುವ ಅಧ್ಯಾಯದಲ್ಲಿ. ಹಿಂದೆ ತಾಯಿಗೆ ರಕ್ತ ಹರಿಸಲು ವೈದ್ಯ ಬಂದಾಗ ಅವಳು ಬಟ್ಟಲು ನೋಡುತ್ತ ನಿಂತಿದ್ದಳು. ಆಮೇಲೊಮ್ಮೆ ಚಿಕ್ಕ ಮಕ್ಕಳು ಜ್ವರದಿಂದ ನರಳುತ್ತಿರುವಾಗ, ಇವಕ್ಕೂ ರಕ್ತ ತೆಗೆಸಬೇಕೇ ಎಂಬ ಪ್ರಶ್ನೆ ಅವಳ ಮುಂದೆಯೇ ಬರುತ್ತದೆ. ಬೇಡ ಎಂದು ಹೇಳುತ್ತಾಳೆ. ಊರಿಗೇ ದೊಡ್ಡ ವೈದ್ಯರು ಹೇಳಿದ್ದನ್ನು ಬಿಟ್ಟು, ತಾನು ಕಣ್ಣಾರೆ ಕಂಡದ್ದನ್ನು ನಂಬುವ ಈ ನಿರ್ಧಾರ ತಪ್ಪಾದರೆ ಮಕ್ಕಳು ಸಾಯುತ್ತಾರೆ, ಮತ್ತು ಹೊಣೆ ಅವಳದೇ. ಖಡ್ಗ ಹಿಡಿದು ಕಳ್ಳರನ್ನು ಎದುರಿಸುವ ದೃಶ್ಯವೊಂದು ಇದೇ ಪುಸ್ತಕದಲ್ಲಿದೆ, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ; ನನಗೆ ಮಾತ್ರ ಅದಕ್ಕಿಂತ ಈ ‘ಬೇಡ’ವೇ ಹೆಚ್ಚಿನ ಧೈರ್ಯವಾಗಿ ಕಂಡಿತು. ಅದಾದ ಬಳಿಕ ಅವಳು ಮಾಡುವುದೆಲ್ಲ ದಾದಿಯ ಬೇಸರದ ಕೆಲಸ: ಬಟ್ಟೆ ಒಗೆಯುವುದು, ನೀರು ಕುಡಿಸುವುದು, ವಾಂತಿ ಬಳಿಯುವುದು, ಮತ್ತೆ ನೀರು ಸೇದುವುದು. ಮೊದಲ ಅಧ್ಯಾಯದಲ್ಲಿ ಎದ್ದೇಳಲು ಗೊಣಗುತ್ತಿದ್ದವಳನ್ನು ಇಲ್ಲಿ ನಿದ್ದೆಯೇ ಬಿಟ್ಟುಹೋಗಿದೆ.

ಕಾಫಿ ಹೌಸಿನಲ್ಲಿ ಅಡುಗೆ ಮಾಡುತ್ತಿದ್ದ ಎಲೈಜಾ ಸ್ವತಂತ್ರ ಕಪ್ಪು ಮಹಿಳೆ, ವಿಧವೆ. ಜ್ವರದ ದಿನಗಳಲ್ಲಿ ಅವಳು ಫ್ರೀ ಆಫ್ರಿಕನ್ ಸೊಸೈಟಿಯ ಪರವಾಗಿ ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡುತ್ತಾಳೆ. ಇದು ಕಲ್ಪನೆಯಲ್ಲ. ರಿಚರ್ಡ್ ಆ್ಯಲನ್ ಮತ್ತು ಆ್ಯಬ್ಸಲಮ್ ಜೋನ್ಸ್ 1787ರಲ್ಲಿ ಕಟ್ಟಿದ ಈ ಸಂಘದ ಜನ ಬಿಳಿಯರು ತಮ್ಮವರನ್ನೇ ಬಿಟ್ಟು ಓಡಿದಾಗ ರೋಗಿಗಳ ಪಕ್ಕದಲ್ಲಿ ಕುಳಿತರು, ಹೆಣಗಳನ್ನು ಹೊತ್ತರು. ಕಪ್ಪು ಜನರಿಗೆ ಈ ಜ್ವರ ತಗಲುವುದಿಲ್ಲ ಎಂದು ರಶ್ ನಂಬಿದ್ದರು. ಆ ನಂಬಿಕೆ ಸುಳ್ಳಾಗಿ ಅವರಲ್ಲಿಯೂ ನೂರಾರು ಜನ ಸತ್ತರು. ರೋಗ ಇಳಿದ ಮೇಲೆ ಪ್ರಕಾಶಕ ಮ್ಯಾಥ್ಯೂ ಕ್ಯಾರಿ, ಕಪ್ಪು ದಾದಿಯರು ಹೆಚ್ಚು ಹಣ ಸುಲಿದರು, ಮನೆಗಳಲ್ಲಿ ಕದ್ದರು ಎಂದು ಬರೆದಾಗ, ಜೋನ್ಸ್ ಮತ್ತು ಆ್ಯಲನ್ 1794ರಲ್ಲಿ ತಮ್ಮದೇ ಪುಸ್ತಿಕೆ ಅಚ್ಚು ಹಾಕಿಸಿ ಲೆಕ್ಕ ಸಮೇತ ಉತ್ತರ ಕೊಟ್ಟರು. ಕ್ಯಾರಿ ಸ್ವತಃ ನಡುವೆ ಊರು ಬಿಟ್ಟು ಹೋಗಿದ್ದನ್ನೂ ನೆನಪಿಸಿದರು. ಇಷ್ಟು ದೊಡ್ಡ ಸಂಗತಿಯನ್ನು ಮಕ್ಕಳ ಪುಸ್ತಕದೊಳಗೆ ತಂದದ್ದಕ್ಕೆ ಆಂಡರ್ಸನ್ ಅವರನ್ನು ಮೆಚ್ಚಬೇಕು.

ಆದರೆ ನನ್ನ ಮುಖ್ಯ ತಕರಾರೂ ಇಲ್ಲಿಯೇ ಇದೆ. ಎಲೈಜಾಳಿಗೆ ಸಿಟ್ಟು ಬರುವುದಿಲ್ಲ, ಸುಸ್ತಾದರೂ ಅವಳು ಗೊಣಗುವುದಿಲ್ಲ, ಸ್ವಂತಕ್ಕೆ ಏನನ್ನೂ ಬಯಸುವಂತೆ ಕಾಣುವುದಿಲ್ಲ. ಮ್ಯಾಟಿಗೆ ಕೊಟ್ಟ ಸಣ್ಣತನಗಳಲ್ಲಿ ಒಂದೆರಡನ್ನಾದರೂ ಲೇಖಕಿ ಅವಳಿಗೂ ಕೊಟ್ಟಿದ್ದರೆ ಅವಳು ಆಸರೆಯ ಕಂಬವಾಗಿ ಉಳಿಯದೆ ಮನುಷ್ಯಳಾಗುತ್ತಿದ್ದಳು. ಕೊನೆಯಲ್ಲಿ ಮ್ಯಾಟಿ ಅವಳನ್ನು ಕಾಫಿ ಹೌಸಿನ ಪಾಲುದಾರಳನ್ನಾಗಿ ಮಾಡಿಕೊಳ್ಳುವುದು ಸರಿಯಾದ ತೀರ್ಮಾನವೇ. ಆದರೂ 1793ರ ಊರು ಆ ಪಾಲುದಾರಿಕೆಯನ್ನು ಹೇಗೆ ನೋಡಿದ್ದೀತು ಎಂಬುದಕ್ಕೆ ಪುಸ್ತಕ ಹೆಚ್ಚು ಪುಟಗಳನ್ನು ಕೊಡಬೇಕಿತ್ತು. ಹಿಮ ಬಿದ್ದ ಮೇಲಿನ ಅಧ್ಯಾಯಗಳಲ್ಲಿ ಕಥೆ ಅವಸರದಿಂದ ಓಡಿ ಎಲ್ಲ ಗಂಟುಗಳನ್ನೂ ಬಿಚ್ಚಿಬಿಡುತ್ತದೆ. ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಅವರ ಮನೆಯಲ್ಲಿ ಕೆಲಸ ಕಲಿಯುವ ನಥಾನಿಯಲ್ ಎಂಬ ಹುಡುಗ ಒಳ್ಳೆಯವನು, ಅಷ್ಟೇ; ಅವನಿಲ್ಲದಿದ್ದರೂ ಕಥೆಗೆ ನಷ್ಟವಿರಲಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಪುಸ್ತಕ ಸುಮಾರು 250 ಪುಟಗಳದು, ಅಧ್ಯಾಯಗಳು ಚಿಕ್ಕವು. ಪ್ರತಿ ಅಧ್ಯಾಯದ ತಲೆಯಲ್ಲಿ ದಿನಾಂಕವೂ ಆ ಕಾಲದ ಪತ್ರ, ಪುಸ್ತಕಗಳಿಂದ ಆಯ್ದ ಸಾಲುಗಳೂ ಇವೆ. ಆ ಸಾಲುಗಳ ಹಳೆಯ ಇಂಗ್ಲಿಷ್ ಕನ್ನಡ ಮಾಧ್ಯಮದ ಮಕ್ಕಳಿಗೆ ತೊಡಕಾಗಬಹುದು, ಅವನ್ನು ಬಿಟ್ಟು ಓದಿದರೂ ಕಥೆ ತಿಳಿಯುತ್ತದೆ. ಮ್ಯಾಟಿಯೇ ಹೇಳುವ ಮುಖ್ಯ ಕಥೆಯ ಭಾಷೆ ಸರಳವಾಗಿದೆ, ಒಂಬತ್ತನೇ ತರಗತಿಯವರು ನಿಘಂಟಿನ ಸಹಾಯದಿಂದ ತಾವೇ ಓದಬಲ್ಲರು. ಕೊನೆಯಲ್ಲಿ ನಿಜ ಇತಿಹಾಸವನ್ನು ವಿವರಿಸುವ ಅನುಬಂಧವಿದೆ. ದೊಡ್ಡವರು ಅದನ್ನು ಮೊದಲು ಓದಿಕೊಂಡರೆ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ಅನುಕೂಲ. ರಕ್ತವಾಂತಿ, ಸಾಮೂಹಿಕ ಗುಂಡಿಯಲ್ಲಿ ಹೂಳುವುದು, ಮನೆಯ ಹಿರಿಯರೊಬ್ಬರ ಸಾವು ಇವು ನೇರವಾಗಿಯೇ ಬರುವುದರಿಂದ ಹನ್ನೆರಡಕ್ಕಿಂತ ಚಿಕ್ಕವರಿಗೆ, ಹಾಗೆಯೇ ಕೋವಿಡ್‌ನಲ್ಲಿ ಆಪ್ತರನ್ನು ಕಳೆದುಕೊಂಡ ಮಕ್ಕಳಿಗೆ, ಕೊಡುವ ಮೊದಲು ಯೋಚಿಸಬೇಕು. 1898ರ ಪ್ಲೇಗಿನಲ್ಲಿ ಬೆಂಗಳೂರಿನ ಪೇಟೆಯ ಜನ ಮನೆ ತೊರೆದು ಊರ ಹೊರಗೆ ಶೆಡ್ಡುಗಳಲ್ಲಿ ಇದ್ದುದನ್ನು, ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದನ್ನು ಬಲ್ಲ ಮೇಷ್ಟರೊಬ್ಬರು ತರಗತಿಯಲ್ಲಿ ಇದನ್ನು ಅದರ ಜೊತೆಗಿಟ್ಟು ಓದಿಸಿದರೆ ಚೆನ್ನ. ಓದುವಾಗ ಫಿಲಡೆಲ್ಫಿಯಾದ ನಕ್ಷೆಯೊಂದು ಪಕ್ಕದಲ್ಲಿದ್ದರೆ ಮ್ಯಾಟಿ ನಡೆದಾಡುವ ದಾರಿಗಳು ಸ್ಪಷ್ಟವಾಗುತ್ತವೆ. ಅವಳ ಹೈ ಸ್ಟ್ರೀಟ್ ಈಗಿನ ನಕ್ಷೆಗಳಲ್ಲಿ ಮಾರ್ಕೆಟ್ ಸ್ಟ್ರೀಟ್ ಎಂಬ ಹೆಸರಿನಲ್ಲಿ ಸಿಗುತ್ತದೆ.