ಕ್ಲಬ್ಬಿನ ಅಡಿಯ ಸಂಖ್ಯೆಯನ್ನು ನಂಬಿ ಹೈಬ್ರಿಡ್ ಕೊಳ್ಳಬೇಡಿ

ಗಾಲ್ಫ್ ಆಡುವವರಲ್ಲಿ, ಉದ್ದದ ಐರನ್‌ಗಳನ್ನು (ಲೋಹದ ತೆಳು ತಲೆಯ, ಚಿಕ್ಕ ಸಂಖ್ಯೆಯ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು) ಕೈಬಿಟ್ಟು ಅವುಗಳ ಜಾಗಕ್ಕೆ ಐರನ್ ಮತ್ತು ದಪ್ಪ ತಲೆಯ ವುಡ್ ಎರಡರ ಗುಣವನ್ನೂ ಬೆರೆಸಿದ ಹೈಬ್ರಿಡ್ ತರಬೇಕೆಂದಿರುವವರು, ಅದರಲ್ಲೂ ಐವತ್ತು ದಾಟಿದವರು, ಅಂಗಡಿಗೆ ಹೋಗುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ವರ್ಷ ನಾನು 38,000 ರೂಪಾಯಿ ಕೊಟ್ಟು ಎರಡು ಹೈಬ್ರಿಡ್‌ಗಳನ್ನು ಕೊಂಡೆ. ಎರಡೂ ಹೆಸರುವಾಸಿ ಕಂಪನಿಯ ಅಸಲಿ ಮಾಲು, ತಯಾರಿಕೆಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇರಲಿಲ್ಲ. ಆದರೂ ಏಳು ತಿಂಗಳು ನನ್ನ ಆಟ ಕೆಟ್ಟಿತು. ತಪ್ಪಿದ್ದದ್ದು ನಾನು ಆರಿಸಿದ ರೀತಿಯಲ್ಲಿ: 3ನೇ ಐರನ್ನಿನ ಬದಲಿಗೆ 3ನೇ ಹೈಬ್ರಿಡ್, 4ನೆಯದರ ಬದಲಿಗೆ 4ನೆಯದು ಎಂದು ಅಡಿಯಲ್ಲಿ ಕೊರೆದ ಸಂಖ್ಯೆಯನ್ನಷ್ಟೇ ನೋಡಿ ತಂದಿದ್ದೆ.

ನಾನಿರುವುದು ಹೊಸೂರಿನಲ್ಲಿ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮೈಕ್ರೋಮೀಟರ್ ಇಟ್ಟು ನೋಡದೆ ಒಂದು ಬಿಡಿಭಾಗಕ್ಕೂ ರುಜು ಹಾಕದಿದ್ದ ನಾನು ಈ ಒಂದು ವಿಷಯದಲ್ಲಿ ಅಳೆಯದೆ ಹಣ ಕೊಟ್ಟೆನೆಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ. ಗಾಲ್ಫ್ ಹಿಡಿಸಿಕೊಂಡದ್ದು ನಲವತ್ತರ ನಂತರ. ನನ್ನದು ಹಳೆಯ ಐರನ್ ಸೆಟ್ಟು. ಅದರಲ್ಲಿ 3ನೆಯದರ ಲಾಫ್ಟ್, ಅಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ, 21 ಡಿಗ್ರಿ. 4ನೆಯದರದು 24, 5ನೆಯದರದು 27. ಈ ಕೋನ ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ, ಹೆಚ್ಚು ದೂರ ಹೋಗುತ್ತದೆ. ಮೊದಮೊದಲು 4ನೇ ಐರನ್ ಹತ್ತರಲ್ಲಿ ಐದು ಸಲವಾದರೂ ಕೈಗೆ ಹತ್ತುತ್ತಿತ್ತು. ಅರವತ್ತು ಸಮೀಪಿಸಿದಂತೆ ಅದು ಎರಡಕ್ಕಿಳಿಯಿತು. ಇದಕ್ಕೆ ಕಾರಣ ಸರಳವಾಗಿದೆ. ಉದ್ದದ ಐರನ್ನಿನ ತಲೆ ತೆಳ್ಳಗೆ ಮತ್ತು ಚಿಕ್ಕದಾಗಿರುತ್ತದೆ, ಅದರ ತೂಕವೆಲ್ಲ ಮುಖಕ್ಕೆ ಅಂಟಿಕೊಂಡಂತಿರುತ್ತದೆ, ಕೋನವೂ ಕಡಿಮೆ; ಆದ್ದರಿಂದ ಬೀಸಿನಲ್ಲಿ ವೇಗವಿಲ್ಲದವನ ಕೈಯಲ್ಲಿ ಚೆಂಡು ಮೇಲೇಳುವುದೇ ಇಲ್ಲ. ಹೈಬ್ರಿಡ್‌ನಲ್ಲಿ ತೂಕ ಕೆಳಗೂ ಹಿಂದಕ್ಕೂ ಸರಿದಿರುತ್ತದೆ, ತಳ ಅಗಲವಾಗಿದ್ದು ಹುಲ್ಲಿನಲ್ಲಿ ಹೂತುಕೊಳ್ಳದೆ ಜಾರಿಹೋಗುತ್ತದೆ. ಅದರ ಗುಣದ ಬಗ್ಗೆ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ. 2009ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್‌ನಲ್ಲಿ ದಕ್ಷಿಣ ಕೊರಿಯಾದ ವೈ. ಇ. ಯಾಂಗ್ ಇನ್ನೂರು ಗಜಕ್ಕೂ ಹೆಚ್ಚು ದೂರದಿಂದ ಹೈಬ್ರಿಡ್ ಹಿಡಿದು ಚೆಂಡನ್ನು ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಇಳಿಸಿ, ಟೈಗರ್ ವುಡ್ಸ್ ಅವರನ್ನು ಸೋಲಿಸಿದ್ದನ್ನು ಟಿವಿಯಲ್ಲಿ ನೋಡಿದಂದಿನಿಂದ ಆ ಕ್ಲಬ್ಬಿನ ಮೇಲೆ ನನಗೊಂದು ಕಣ್ಣಿತ್ತು.

ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದದ್ದು ಊಟಿಯಲ್ಲಿ, ವೆನ್‌ಲಾಕ್ ಡೌನ್ಸ್‌ನ ಗಾಲ್ಫ್ ಮೈದಾನದಲ್ಲಿ. ಜೊತೆಗಿದ್ದ ಗೆಳೆಯರು ತಮ್ಮ 3ನೇ ಹೈಬ್ರಿಡ್ ಕೊಟ್ಟು, “ಒಂದು ಹೊಡೆದು ನೋಡಿ, ಆಮೇಲೆ ನೀವೇ ಹೇಳುತ್ತೀರಿ” ಎಂದರು. ಚೆಂಡು ಎದ್ದು ಹೋದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ; ನೂರ ಎಂಬತ್ತು ಗಜಕ್ಕೆ ಕಡಿಮೆಯಿಲ್ಲ. ನಾನು ಅಲ್ಲೇ ಮನಸ್ಸು ಮಾಡಿಬಿಟ್ಟೆ. ಊಟಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿದೆ, ನಮ್ಮ ಹೊಸೂರು ಸುಮಾರು 900 ಮೀಟರ್. ಮೇಲಕ್ಕೆ ಹೋದಷ್ಟೂ ಗಾಳಿ ತೆಳುವಾಗುವುದರಿಂದ ಅದೇ ಹೊಡೆತ ಊಟಿಯಲ್ಲಿ ನೂರಕ್ಕೆ ಐದರಷ್ಟಾದರೂ ಹೆಚ್ಚು ದೂರ ಹೋಗುತ್ತದೆ. ಬೆಟ್ಟದ ಮೇಲೆ ಬೇರೆಯವರ ಕ್ಲಬ್ಬಿನಲ್ಲಿ ಹೊಡೆದ ಒಂದೇ ಒಂದು ಚೆಂಡನ್ನು ನೋಡಿ, ಬಯಲುಸೀಮೆಯಲ್ಲಿ ಆಡುವವನು ತೀರ್ಮಾನಕ್ಕೆ ಬರಬಾರದಿತ್ತು.

ಮುಂದಿನ ವಾರ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಅಂಗಡಿಯ ಹೆಸರು ಇಲ್ಲಿ ಬೇಕಿಲ್ಲ. ಇಂಥ ಮಾರಾಟ ಎಲ್ಲ ಕಡೆಯೂ ನಡೆಯುತ್ತದೆ. ಮಾರುವ ಹುಡುಗ ವಿನಯವಂತ. ನನ್ನ ಹಳೆಯ ಸೆಟ್ಟಿನಲ್ಲಿ ಯಾವ ಯಾವ ಐರನ್ ಬದಲಾಯಿಸಬೇಕೆಂದು ಕೇಳಿದ, ನಾನು 3 ಮತ್ತು 4 ಎಂದೆ, ಅವನು ಅದೇ ಸಂಖ್ಯೆಯ ಎರಡು ಹೈಬ್ರಿಡ್ ತಂದಿಟ್ಟ. ಲಾಫ್ಟ್ ಎಷ್ಟೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ 5ನೇ ಐರನ್ ಎಷ್ಟು ದೂರ ಹೋಗುತ್ತದೆ, ಚೀಲದಲ್ಲಿ ಫೇರ್‌ವೇ ವುಡ್ ಯಾವುದಿದೆ ಎಂಬ ಪ್ರಶ್ನೆಗಳೂ ಬರಲಿಲ್ಲ. ಒಳಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಮೇಲೆ ಏಳೆಂಟು ಚೆಂಡು ಹೊಡೆಸಿದರು. ಪರದೆಯ ಮೇಲೆ 4ನೇ ಹೈಬ್ರಿಡ್‌ಗೆ 182 ಗಜ ಎಂದು ಮೂಡಿತು, ನಾನು ಹಿಗ್ಗಿದೆ. ಅದು ಚೆಂಡು ನೆಲಕ್ಕೆ ಬಿದ್ದು ಉರುಳಿದ್ದನ್ನೂ ಸೇರಿಸಿದ ಒಟ್ಟು ದೂರವೆಂದು ಆಗ ಗಮನಿಸಲಿಲ್ಲ. ಗಾಳಿಯಲ್ಲಿ ಹೋಗುವ ದೂರವನ್ನು ಅಲ್ಲೇ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕೆರೆ ದಾಟಿಸಬೇಕಾದಾಗ ನಮಗೆ ಬೇಕಾಗುವುದು ಅದು. ಚಾಪೆಯ ವಿಷಯವೂ ಹಾಗೆಯೇ: ಚೆಂಡಿನ ಹಿಂದೆ ಒಂದಂಗುಲ ನೆಲಕ್ಕೆ ತಾಗಿದರೂ ಕ್ಲಬ್ ಜಾರಿ ಮುಂದೆ ಹೋಗಿ ಚೆಂಡಿಗೆ ಬಡಿಯುತ್ತದೆ, ಹೊಡೆತ ಚೆನ್ನಾಗಿ ಬಂದಂತೆಯೇ ಕಾಣುತ್ತದೆ. ಮಣ್ಣಿನ ಮೇಲೆ ಅದೇ ತಪ್ಪಿಗೆ ಚೆಂಡು ಮೂವತ್ತು ಗಜವೂ ಹೋಗುವುದಿಲ್ಲ.

ನಮ್ಮ ಕಡೆಯ ಮೈದಾನದಲ್ಲಿ ಮೂರು ಹೊಡೆತಗಳಲ್ಲಿ ಮುಗಿಸಬೇಕಾದ ಒಂದು ಪಾರ್ 3 ಹೋಲ್ ಇದೆ. ಮೊದಲ ಹೊಡೆತದ ಜಾಗವಾದ ಟೀಯಿಂದ ಬಾವುಟಕ್ಕೆ 156 ಗಜ, ಗ್ರೀನ್‌ನ ಮುಂಭಾಗಕ್ಕೆ ಒತ್ತಿಕೊಂಡಂತೆ ಒಂದು ನೀರಿನ ಕುಂಟೆ, ಹಿಂದೆ ಏರು, ಏರಿನ ಮೇಲೆ ಲಂಟಾನದ ಪೊದೆ. ಮೊದಲೆಲ್ಲ 4ನೇ ಐರನ್ ಹತ್ತಿದ ದಿನ ಚೆಂಡು ಅಲ್ಲಿ ಗ್ರೀನ್ ಮುಟ್ಟುತ್ತಿತ್ತು. ಹೊಸ ಕ್ಲಬ್ ತಂದ ಮೇಲೆ ನನಗೆ ಆ ಹೋಲ್‌ಗೆ ಹಿಡಿಯಲು ಕ್ಲಬ್ಬೇ ಇಲ್ಲದಾಯಿತು. 5ನೇ ಐರನ್ ಹಿಡಿದರೆ ಚೆಂಡು 145 ಗಜಕ್ಕೆ ನೀರಿಗೆ ಬೀಳುತ್ತಿತ್ತು. 4ನೇ ಹೈಬ್ರಿಡ್ ಹಿಡಿದರೆ ಗ್ರೀನ್ ದಾಟಿ ಲಂಟಾನದೊಳಕ್ಕೆ ಹೋಗುತ್ತಿತ್ತು. ಮೆಲ್ಲಗೆ ಹೊಡೆಯಲು ನೋಡಿದರೆ ಎಡಕ್ಕೆ ತಿರುಗುತ್ತಿತ್ತು. ವಾರಕ್ಕೆರಡು ಸಲ ಹೀಗೇ ನಡೆದು, ತಪ್ಪು ನನ್ನ ಬೀಸಿನಲ್ಲಿದೆ ಎಂದು ನಂಬಿ, ತರಬೇತಿಗೆ ಹಣ ಕೊಟ್ಟು, ಚೆನ್ನಾಗಿದ್ದ ಬೀಸನ್ನೂ ಕೆಡಿಸಿಕೊಂಡೆ. ಇಡೀ ಪ್ರಕರಣದಲ್ಲಿ ಹಣಕ್ಕಿಂತ ದೊಡ್ಡ ನಷ್ಟವೆಂದು ನಾನು ಎಣಿಸುವುದು ಇದನ್ನು.

ಕಾರಣವನ್ನು ಮೊದಲು ಹೇಳಿದವನು ನನ್ನ ಚೀಲ ಹೊರುವ ಕ್ಯಾಡಿ. ಒಂದು ಬೆಳಿಗ್ಗೆ ಪೊದೆಯಿಂದ ಚೆಂಡು ಹುಡುಕಿ ತಂದು, “ಸಾರ್, ಇದ್ರ ಮೇಲೆ ನಾಲ್ಕು ಅಂತ ಬರ್ದಿದೆ ಅಷ್ಟೇ. ಇದು ನಿಮ್ಮ ಹಳೇ ಮೂರಕ್ಕಿಂತ ದೂರ ಹೋಗುತ್ತೆ. ಹೊಸ ಮೂರಂತೂ ನಿಮ್ಮ ಐದನೇ ವುಡ್ ಎಷ್ಟು ಹೋಗುತ್ತೋ ಅಷ್ಟೇ ಹೋಗುತ್ತೆ ಸಾರ್” ಎಂದ. ಆ ಸಂಜೆಯೇ ಅಭ್ಯಾಸದ ಜಾಗವಾದ ಡ್ರೈವಿಂಗ್ ರೇಂಜ್‌ಗೆ ಹೋಗಿ, ಪ್ರತಿ ಕ್ಲಬ್ಬಿನಲ್ಲಿ ಹತ್ತು ಚೆಂಡು ಹೊಡೆದು, ಅವು ಬಿದ್ದ ಜಾಗಕ್ಕೆ ನಡೆದು ಹೋಗಿ ದೂರ ಬರೆದುಕೊಂಡೆ. 5ನೇ ಐರನ್ 145 ಗಜ, 4ನೇ ಹೈಬ್ರಿಡ್ 168, 3ನೇ ಹೈಬ್ರಿಡ್ 174, 5ನೇ ವುಡ್ 176. ಹುಡುಗನ ಮಾತು ಅಕ್ಷರಶಃ ನಿಜವಾಗಿತ್ತು. ಒಂದು ಕಡೆ 23 ಗಜದ ಕಂದಕ, ಇನ್ನೊಂದು ಕಡೆ ಒಂದೇ ಕೆಲಸಕ್ಕೆ ಎರಡು ಕ್ಲಬ್. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಕೂಡದೆಂಬ ನಿಯಮ ಅಮೆರಿಕದಲ್ಲಿ 1938ರಿಂದಲೂ ಇದೆ, ಇಂದು ಎಲ್ಲೆಡೆಯೂ ಅದೇ ನಿಯಮ. ಹಾಗಿರುವಾಗ ಒಂದು ಜಾಗವನ್ನು ವ್ಯರ್ಥ ಮಾಡುವುದು ಸಣ್ಣ ವಿಷಯವಲ್ಲ.

ಅನಂತರ ಕ್ಲಬ್‌ಗಳನ್ನು ಅಳೆದು ಸರಿಪಡಿಸುವ ಒಬ್ಬರ ಬಳಿ ಎರಡನ್ನೂ ಕೊಂಡೊಯ್ದೆ. ಅವರು ಮಾಪಕಕ್ಕೆ ಸಿಕ್ಕಿಸಿ ತೋರಿಸಿದರು: 4ನೇ ಹೈಬ್ರಿಡ್‌ನ ಮೇಲೆ 22 ಡಿಗ್ರಿ ಎಂದಿದ್ದರೂ ಇದ್ದದ್ದು 21, ತಯಾರಿಕೆಯಲ್ಲಿ ಒಂದು ಡಿಗ್ರಿ ಆಚೀಚೆಯಾಗುವುದು ಈ ಉದ್ಯಮದಲ್ಲಿ ಮಾಮೂಲು. ನನ್ನ ಹಳೆಯ 3ನೇ ಐರನ್ ಕೂಡ 21 ಡಿಗ್ರಿಯದೇ. ಕೋನ ಒಂದೇ ಆದರೂ ಹೈಬ್ರಿಡ್ ಹೆಚ್ಚು ದೂರ ಹೋಗುವುದಕ್ಕೆ ಶಾಫ್ಟ್, ಅಂದರೆ ತಲೆಗೆ ಸೇರಿದ ಕೋಲು, ಉದ್ದವಾಗಿರುವುದು, ಹಗುರವಾಗಿರುವುದು ಮತ್ತು ಚೆಂಡು ಸುಲಭವಾಗಿ ಮೇಲೇಳುವುದು ಕಾರಣ. ಸಂಖ್ಯೆಗೆ ಯಾವ ಸಂಸ್ಥೆಯೂ ಅಳತೆ ಗೊತ್ತುಮಾಡಿಲ್ಲ. ಮೂರು ನಾಲ್ಕು ದಶಕಗಳ ಹಿಂದೆ 7ನೇ ಐರನ್ ಎಂದರೆ 35 ಡಿಗ್ರಿಯ ಆಸುಪಾಸು ಇರುತ್ತಿತ್ತು. ಇಂದು ಮಾರಾಟಕ್ಕಿರುವ ಎಷ್ಟೋ ಸೆಟ್‌ಗಳಲ್ಲಿ ಅದು 30, ಕೆಲವುದರಲ್ಲಿ 28. ಹೊಸ ಸೆಟ್ಟಿನವರು 5ನೇ ಐರನ್ನೇ ಕೈಗೆ ಹತ್ತುತ್ತಿಲ್ಲವೆಂದು ಕೊರಗುತ್ತಿದ್ದರೆ, ಅದು ಕೋನದಲ್ಲಿ ನಮ್ಮ ಕಾಲದ 4ನೆಯದೋ 3ನೆಯದೋ ಆಗಿರಬಹುದು ಎಂಬುದನ್ನು ಮೊದಲು ನೋಡಿಕೊಳ್ಳಲಿ.

ಎಡಕ್ಕೆ ತಿರುಗುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ನಾನು ಚೆಂಡಿನ ಮುಂದೆ ನಿಂತಾಗ ಅವರು ಬಗ್ಗಿ ಕ್ಲಬ್ಬಿನ ಮೂತಿಯ (ತಲೆಯ ಹೊರತುದಿಯ) ಕೆಳಗೆ ಒಂದು ರೂಪಾಯಿಯ ನಾಣ್ಯ ತೂರಿಸಿದರು. ಅದು ತಡೆಯಿಲ್ಲದೆ ಒಳಕ್ಕೆ ಹೋಯಿತು, ಕೋಲು ಸೇರುವ ಹಿಮ್ಮಡಿಯ ಕಡೆ ಹೋಗಲಿಲ್ಲ. ಕ್ಲಬ್ ನನ್ನ ಎತ್ತರಕ್ಕೆ ಉದ್ದವಾಗಿದ್ದುದರಿಂದ ಮೂತಿ ಮೇಲೆದ್ದು ನಿಲ್ಲುತ್ತಿತ್ತು, ಹಾಗೆ ನಿಂತ ಕ್ಲಬ್ಬಿನ ಮುಖ ಬಲಗೈ ಆಟಗಾರನಿಗೆ ಎಡಕ್ಕೆ ನೋಡುತ್ತದೆ. ಅದರ ಜೊತೆಗೆ ನನ್ನ ಐರನ್‌ಗಳ ಉಕ್ಕಿನ ಶಾಫ್ಟ್ 115 ಗ್ರಾಂ, ಹೈಬ್ರಿಡ್‌ನ ಗ್ರಾಫೈಟ್ ಶಾಫ್ಟ್ 60 ಗ್ರಾಂ. ಆ ತೂಕಕ್ಕೆ ಒಗ್ಗಿದ ಕೈಗೆ ಇದು ಬೆತ್ತ ಬೀಸಿದಂತಾಗಿ ಮಣಿಕಟ್ಟು ಮೊದಲೇ ತಿರುಗಿಬಿಡುತ್ತಿತ್ತು.

ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಒಮ್ಮೆ ಚೆಂಡು ಮುಟ್ಟಿದ ಕ್ಲಬ್ಬನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಬಿಲ್ಲಿನ ಹಿಂಬದಿಯಲ್ಲಿ ಮುದ್ರಿಸಿದ್ದಾರೆ. ನಾನು ಅದನ್ನು ಓದಿದ್ದು ಆ ದಿನ. ಕೊನೆಗೆ 4ನೆಯದನ್ನು ಇಟ್ಟುಕೊಂಡು ಅದಕ್ಕೆ 80 ಗ್ರಾಂನ ಶಾಫ್ಟ್ ಹಾಕಿಸಿ ಅರ್ಧ ಅಂಗುಲ ಕತ್ತರಿಸಿದೆ. ಕಂದಕ ತುಂಬಲು 25 ಡಿಗ್ರಿಯ 5ನೇ ಹೈಬ್ರಿಡ್ ಒಂದನ್ನು, ಈ ಸಲ ಎರಡು ದಿನ ಎರವಲು ಪಡೆದು ನಮ್ಮ ಮೈದಾನದಲ್ಲೇ ಹೊಡೆದು ನೋಡಿ, ಕೊಂಡೆ. ಅದು 156 ಗಜ ಹೋಗುತ್ತದೆ. ನನ್ನ 4ನೇ ಐರನ್ನಿನ ನಿಜವಾದ ಬದಲಿ ಅದೇ ಆಗಿತ್ತು. ಚೆಂಡು ಇನ್ನೂ ಎತ್ತರಕ್ಕೆ ಏಳಬೇಕೆನ್ನುವವರು 21 ಡಿಗ್ರಿಯ ಆಸುಪಾಸಿನ 7ನೇ ವುಡ್ಡನ್ನೂ ಪರೀಕ್ಷಿಸಬಹುದು. ಬೀಸು ನಿಧಾನವಿರುವವರಿಗೆ ಅದು ಹೈಬ್ರಿಡ್‌ಗಿಂತ ಸುಲಭವೆಂದು ನನ್ನ ಅನಿಸಿಕೆ, ಆದರೆ ಎದುರುಗಾಳಿಯಲ್ಲಿ ಚೆಂಡು ನಿಂತುಬಿಡುತ್ತದೆ.

ಆದ್ದರಿಂದ ಹೋಗುವ ಮುನ್ನ ನಿಮ್ಮ ಚೀಲದ ಅತಿ ಉದ್ದದ ಐರನ್, ಅಂದರೆ ನಿಮಗೆ ನಿಜವಾಗಿ ಹತ್ತುವ ಐರನ್, ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆಂದೂ, ಅದರ ಮೇಲಿನ ವುಡ್ ಎಷ್ಟು ಹೋಗುತ್ತದೆಂದೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ಎರಡರ ನಡುವಿನ ಜಾಗಕ್ಕೆ ಎಷ್ಟು ಕ್ಲಬ್ ಬೇಕು ಎಂದು ಅಂಗಡಿಯವರನ್ನು ಕೇಳಿ, ಸಂಖ್ಯೆಯನ್ನು ಬಾಯಿಗೇ ತರಬೇಡಿ. ಲಾಫ್ಟ್ ಮತ್ತು ಶಾಫ್ಟ್ ತೂಕ ಹೇಳಲಾರದವರ ಬಳಿ ಕೊಳ್ಳಬೇಡಿ. ಅರ್ಧ ಬೆಲೆಗೆ ಹೊಸ ಮಾಲು ಎನ್ನುವವರಿಂದ ದೂರವಿರಿ. ನಕಲಿ ಕ್ಲಬ್‌ಗಳು ಎಷ್ಟೋ ಬರುತ್ತವೆ, ಕತ್ತಿನ ಬಳಿಯ ಕ್ರಮಸಂಖ್ಯೆಯನ್ನು ಕಂಪನಿಗೆ ಕಳಿಸಿ ಖಚಿತಪಡಿಸಿಕೊಂಡ ಮೇಲೆ ಹಣ ಕೊಡಿ.

ಉಳಿದ 3ನೇ ಹೈಬ್ರಿಡ್ಡನ್ನು ಕಳೆದ ತಿಂಗಳು ಡೆಂಕಣಿಕೋಟೆಯ ಒಬ್ಬ ಯುವಕರಿಗೆ 7,000 ರೂಪಾಯಿಗೆ ಮಾರಿದೆ. ಅವರೂ “3ನೇ ಐರನ್ ಬದಲಿಗೆ ಬೇಕಿತ್ತು” ಎಂದೇ ಫೋನ್ ಮಾಡಿದ್ದರು. ಹಣ ತೆಗೆದುಕೊಳ್ಳುವ ಮೊದಲು ಅವರನ್ನು ರೇಂಜ್‌ಗೆ ಕರೆದುಕೊಂಡು ಹೋಗಿ, ಅವರ 4ನೇ ಐರನ್ ಹತ್ತು, ಇದು ಹತ್ತು ಹೊಡೆಸಿ ದೂರ ಬರೆದುಕೊಟ್ಟೆ. ಅವರ ಬೀಸು ವೇಗದ್ದು, ನಡುವೆ ಹದಿನಾರು ಗಜ ಅಂತರ ಬಂತು, ಐದನೇ ವುಡ್ ಅವರ ಬಳಿ ಇರಲಿಲ್ಲ. ಕ್ಲಬ್ಬಿನ ಅಡಿಯಲ್ಲಿ ಆ 3ರ ಮೇಲೆ ಬಿಳಿ ಟೇಪ್ ಅಂಟಿಸಿ, ಮಾಪಕ ತೋರಿಸಿದ್ದ 19 ಡಿಗ್ರಿಯನ್ನು ಮಾರ್ಕರ್‌ನಿಂದ ಬರೆದು ಅವರ ಕೈಗೆ ಕೊಟ್ಟೆ.