ಕಂಪ್ಯೂಟರ್ ಸ್ಪೇಸ್ ಮಷೀನ್ ಮಾರ್ತೀನಿ ಅನ್ನೋನಿಗೆ ದಯವಿಟ್ಟು ದುಡ್ಡು ಕೊಡಬೇಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹಳೇ ಆರ್ಕೇಡ್ ಮಷೀನ್, ಅಂದ್ರೆ ಕಾಸು ಹಾಕಿ ಆಡೋ ಗೇಮ್ ಡಬ್ಬಗಳ ಹುಚ್ಚಿರೋ ಕನ್ನಡದೋರು ಎಲ್ರೂ ಇದನ್ನ ಓದಿ. ಸನ್ನಿವೇಲ್ ಕಡೆ ಒಬ್ಬ ಇದಾನೆ, ನಮ್ಮೋನೇ, ಹಾಸನದ ಕಡೆಯೋನು ಅಂತ ಹೇಳ್ಕೋತಾನೆ, "ನಟ್ಟಿಂಗ್ ಅಸೋಸಿಯೇಟ್ಸ್ ಕಂಪ್ಯೂಟರ್ ಸ್ಪೇಸ್, 1971, ಹಳದಿ, ಒರಿಜಿನಲ್, ವರ್ಕಿಂಗ್" ಅಂತ ಫೋಟೋ ಹಾಕಿದ್ದ. ಅದು ಒರಿಜಿನಲ್ಲೂ ಅಲ್ಲ, ನಟ್ಟಿಂಗ್‌ದೂ ಅಲ್ಲ, 1971ದಂತೂ ಅಲ್ವೇ ಅಲ್ಲ.

ಈ ಮಷೀನ್ ಅಂದ್ರೆ ಯಾಕೆ ಜನ ಸಾಯ್ತಾರೆ ಅಂತ ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ. ಅಟಾರಿ ಕಂಪನಿಯ ಪಾಂಗ್ ಗೇಮ್ ಬಂದಿದ್ದು 1972ರಲ್ಲಿ, ಅದಕ್ಕೂ ಮುಂಚೆ, ಆಮೇಲೆ ಅಟಾರಿ ಕಟ್ಟಿದ ನೋಲನ್ ಬುಶ್ನೆಲ್, ಟೆಡ್ ಡ್ಯಾಬ್ನಿ ಇಬ್ರೂ ಸೇರಿ ಮೌಂಟನ್ ವ್ಯೂನಲ್ಲಿದ್ದ ನಟ್ಟಿಂಗ್ ಅಸೋಸಿಯೇಟ್ಸ್ ಅನ್ನೋ ಚಿಕ್ಕ ಕಂಪನಿಗೆ ಮಾಡ್ಕೊಟ್ಟಿದ್ದು ಇದು. ಕಾಸು ಹಾಕಿ ಆಡೋ ವಿಡಿಯೋ ಗೇಮ್ ಅಂತ ಫ್ಯಾಕ್ಟರಿಲಿ ತಯಾರಾಗಿ ಮಾರಾಟ ಆದ ಮೊದಲನೇದು. ಆ ಕಂಪನಿ ಅದಕ್ಕೆ ಮುಂಚೆ ಕಂಪ್ಯೂಟರ್ ಕ್ವಿಜ್ ಅಂತ ಪ್ರಶ್ನೆ ಕೇಳೋ ಮಷೀನ್ ಮಾಡ್ತಿತ್ತು, 1976ಕ್ಕೆಲ್ಲ ಮುಚ್ಚೋಯ್ತು. ಅಟಾರಿ ಹೆಸರು ಊರಿಗೆಲ್ಲ ಗೊತ್ತು, ನಟ್ಟಿಂಗ್ ಅಂದ್ರೆ ಯಾರಿಗೂ ಗೊತ್ತಿಲ್ಲ, ಇಂಥ ಕಳ್ಳರಿಗೆ ಬೇಕಾಗಿರೋದೂ ಅದೇನೇ.

ಅವನ ಗ್ಯಾರೇಜ್‌ಗೆ ಹೋದೆ. ಕಾಫಿ ಕೊಟ್ಟ, ಫಿಲ್ಟರ್ ಕಾಫಿ, ಊರು ಯಾವ್ದು ಕೇರಿ ಯಾವ್ದು ಎಲ್ಲ ವಿಚಾರಿಸ್ದ. ಮಷೀನ್ ಆನ್ ಮಾಡ್ದ, ನಾವು ಓಡಿಸೋ ರಾಕೆಟ್ ಬಂತು, ಎದುರಾಳಿ ಹಾರುವ ತಟ್ಟೆ, ಎರಡು ಸಾಸರ್ ಬಂತು, ನಾಲ್ಕು ಬಟನ್ನೂ ಕೆಲಸ ಮಾಡ್ತಿತ್ತು. ನಾನೇ ಆಡಿದೆ. ನಮ್ ಸ್ಕೋರು ಸಾಸರ್‌ಗಿಂತ ಜಾಸ್ತಿ ಆದ್ರೆ ಕಪ್ಪು ಬಿಳುಪು ಉಲ್ಟಾ ಆಗಿ ಇನ್ನೊಂದು ರೌಂಡ್ ಸಿಗ್ಬೇಕು, ಅದೂ ಆಯ್ತು. ಹಿಂದಿನ ಬಾಗಿಲು ತೆಗೀರಿ, ಬೋರ್ಡ್ ನೋಡ್ಬೇಕು ಅಂದೆ. "ಅಯ್ಯೋ ಸರ್, ಬೀಗದ ಕೀ ಶಿಫ್ಟಿಂಗ್‌ನಲ್ಲಿ ಎಲ್ಲೋ ಹೋಯ್ತು, ಒಡೆದ್ರೆ ಫೈಬರ್ ಬಾಡಿ ಸೀಳತ್ತೆ, ನಿಮ್ ಮಷೀನು, ಮನೇಲಿ ಆರಾಮಾಗಿ ತೆಗ್ಸಿ, ನಾನೆಲ್ಲಿ ಓಡೋಗ್ತೀನಿ" ಅಂದ. ಪ್ರಪಂಚದಲ್ಲಿ ಬರೀ ನೂರು ಮಾಡಿದ್ರು ಅಂತ ಬೇರೆ ಬಿಟ್ಟ, ಅದೂ ಸುಳ್ಳು, ಸಾವಿರದ ಮೇಲೆ ಮಾಡಿದಾರೆ. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯೋಕೆ ನಾಚಿಕೆ ಆಗತ್ತೆ, ಹೆಂಡ್ತಿಗೇ ಇನ್ನೂ ಪೂರ್ತಿ ಅಂಕಿ ಹೇಳಿಲ್ಲ.

ಮನೆಗೆ ತಂದು ಬೀಗದೋನ್ನ ಕರೆಸಿ ಬಾಗಿಲು ತೆಗೆಸ್ದೆ. ಮೊದಲು ಬಂದಿದ್ದು ವಾಸನೆ. ಐವತ್ತು ವರ್ಷದ ಧೂಳಿನ ವಾಸನೆ ಅಲ್ಲ ಸ್ವಾಮಿ, ಹಸೀ ರೆಸಿನ್ ವಾಸನೆ, ಮೊನ್ನೆ ಮೊನ್ನೆ ಮೋಲ್ಡ್ ಮಾಡಿರೋ ಫೈಬರ್‌ಗ್ಲಾಸು. ನಿಜವಾದ ಮಷೀನಲ್ಲಿ ಮೂರು ಬೋರ್ಡ್ ಇರತ್ತೆ, ತುಂಬಾ 7400 ಸೀರೀಸ್ ಅನ್ನೋ ಸಾದಾ ಲಾಜಿಕ್ ಚಿಪ್ಪು, ಪ್ರೊಸೆಸರ್ ಇಲ್ಲ, ಸಾಫ್ಟ್‌ವೇರ್ ಅನ್ನೋದೇ ಇಲ್ಲ. ಅದ್ರಲ್ಲಿ ಒಂದು ಬೋರ್ಡಲ್ಲಿ ರಾಕೆಟ್ ಚಿತ್ರಾನ ಡಯೋಡ್ ಅನ್ನೋ ಪುಟಾಣಿ ಬಿಡಿಭಾಗಗಳಲ್ಲೇ ಜೋಡಿಸಿದಾರೆ, ರಂಗೋಲಿಗೆ ಚುಕ್ಕಿ ಇಟ್ಟಂಗೆ, ಬರಿಗಣ್ಣಲ್ಲೇ ರಾಕೆಟ್ ಆಕಾರ ಕಾಣತ್ತೆ. ನಾನು ಮಷೀನ್ ತಗೊಂಡಿದ್ದೇ ಅದನ್ನ ನೋಡೋಕೆ. ನನಗೆ ಸಿಕ್ಕಿದ್ದು ಏನು ಗೊತ್ತಾ, ಕಾರ್ಡ್‌ಬೋರ್ಡ್ ತುಂಡಿನ ಮೇಲೆ ಟೇಪ್ ಹಾಕಿ ಅಂಟಿಸಿರೋ ಅಂಗೈ ಅಗಲದ ಒಂದು ಹೊಸ ಬೋರ್ಡು, ಅದ್ರಿಂದ ಒಂದು ಎಚ್‌ಡಿಎಂಐ ವೈರು (ಈಗಿನ ಕಾಲದ ಟಿವಿ ಕೇಬಲ್ಲು), ಒಂದು ಕನ್ವರ್ಟರ್ ಡಬ್ಬಿ, ಅಲ್ಲಿಂದ ಒಂದು ಹಳೇ ಟಿವಿ. ಅಷ್ಟೇ. ಬೀಗದೋನು ಏನ್ ಪ್ರಾಬ್ಲಂ ಅಂತ ಕೇಳ್ದ, ಏನಂತ ಹೇಳ್ಲಿ ಅವನಿಗೆ.

ಫೋನ್ ಮಾಡಿದ್ರೆ ಎತ್ತಲ್ಲ. ಮೆಸೇಜ್‌ಗೆ ಉತ್ತರ ಬಂತು, ಆ ಉತ್ತರಗಳು ಓದಿ ನೀವೇ. "ಒರಿಜಿನಲ್ ಅಂದ್ರೆ ಗೇಮ್ ಒರಿಜಿನಲ್ ಸರ್." ಬೋರ್ಡಿನ ಫೋಟೋ ಕಳಿಸ್ದೆ. "ಅದೇ ಪ್ರೊಸೆಸರ್ ಸರ್, ಗೇಮಿಗೆ ಮೈಕ್ರೋಪ್ರೊಸೆಸರ್ ಮೊದಲು ಹಾಕಿದ್ದೇ ನಟ್ಟಿಂಗ್, ಗೂಗಲ್ ಮಾಡಿ ನೋಡಿ." ಇಲ್ಲೇ ನನ್ ಪಿತ್ತ ನೆತ್ತಿಗೇರಿದ್ದು. ಅದು ಈ ನಟ್ಟಿಂಗ್ ಅಲ್ಲ ಕಣಯ್ಯಾ! ಇದು ಬಿಲ್ ನಟ್ಟಿಂಗ್ ಕಂಪನಿ, ನೀನ್ ಹೇಳ್ತಿರೋದು ಅವರ ತಮ್ಮ ಡೇವ್ ನಟ್ಟಿಂಗ್, ವಿಸ್ಕಾನ್ಸಿನ್‌ನಲ್ಲಿ ಬೇರೆ ಕಂಪನಿ, ಮಿಡ್‌ವೇ ಅನ್ನೋ ಗೇಮ್ ಕಂಪನಿಗೆ 1975ರಲ್ಲಿ ಗನ್ ಫೈಟ್ ಅನ್ನೋ ಗೇಮ್ ಮಾಡಿದ್ದು, ಅದ್ರಲ್ಲಿದ್ದಿದ್ದು ಇಂಟೆಲ್ 8080 ಪ್ರೊಸೆಸರ್. ಇಂಟೆಲ್‌ನ ಮೊದಲ ಮೈಕ್ರೋಪ್ರೊಸೆಸರ್ 4004 ಮಾರ್ಕೆಟ್ಟಿಗೆ ಬಂದಿದ್ದೇ 1971ರ ನವೆಂಬರ್‌ನಲ್ಲಿ, ಅಷ್ಟೊತ್ತಿಗೆ ಕಂಪ್ಯೂಟರ್ ಸ್ಪೇಸ್ ಚಿಕಾಗೋದ ಗೇಮ್ ಮಷೀನ್ ವ್ಯಾಪಾರ ಮೇಳದಲ್ಲಿ ತೋರ್ಸಿ ಆಗಿತ್ತು, ಎಲ್ಲಿಂದ ಬರತ್ತೆ ಅದಕ್ಕೆ ಪ್ರೊಸೆಸರ್. ಇಷ್ಟುದ್ದ ಬರೆದು ಕಳಿಸ್ದೆ. ಉತ್ತರ: "ಹಾಗಾದ್ರೆ ಕಾಪಿ ಬೋರ್ಡ್ ಇರ್ಬಹುದು ಸರ್, ಆ ಕಾಲದಲ್ಲಿ ಎಲ್ಲ ಕಂಪನಿನೂ ಕಾಪಿ ಹೊಡೀತಿದ್ವು." ಕಾಪಿ ಹೊಡೀತಿದ್ದಿದ್ದು ನಿಜ, ಫಾರ್-ಪ್ಲೇ ಅನ್ನೋ ಕಂಪನಿ ಇದೇ ಗೇಮನ್ನ 1972ರಲ್ಲಿ ಸ್ಟಾರ್ ಟ್ರೆಕ್ ಅಂತ ಹೆಸರಿಟ್ಟು ಮಾರಿತ್ತು. ಆದ್ರೆ 1972ರ ಕಾಪಿಗೆ ಎಚ್‌ಡಿಎಂಐ ಪೋರ್ಟ್ ಹೆಂಗೆ ಬಂತು ಅಂದಿದ್ದಕ್ಕೆ ಒಂದು ನಮಸ್ಕಾರದ ಇಮೋಜಿ, ಆಮೇಲೆ ಬ್ಲಾಕ್.

ನಮಸ್ಕಾರದ ಇಮೋಜಿ!

ಅರ್ಧಂಬರ್ಧ ಇತಿಹಾಸ ಓದ್ಕೊಂಡು ಬರ್ತಾರೆ ಇವ್ರು, ಏನೂ ಗೊತ್ತಿಲ್ಲದೋನಿಗಿಂತ ಇಂಥೋರೇ ಡೇಂಜರ್. ತಗೊಳೋದಿದ್ರೆ ಹಿಂದಿನ ಬಾಗಿಲು ತೆಗೆಸಿ, ಮೂರು ಬೋರ್ಡ್, ಆ ಡಯೋಡು, ಕಣ್ಣಾರೆ ನೋಡಿ. ಕೀ ಇಲ್ಲ ಅಂದ್ರೆ ಕಾಫಿ ಕುಡ್ದು ಎದ್ದು ಬನ್ನಿ. ಕನ್ನಡ ಮಾತಾಡಿದ್ರೆ ರೇಟ್ ಕಮ್ಮಿ ಮಾಡ್ಲಿ, ಬಾಗಿಲು ತೆಗೆಯೋದು ಕಮ್ಮಿ ಮಾಡೋದು ಬೇಡ.

ಈಗ ಅದೇ ಗ್ಯಾರೇಜಿಂದ "ಕೀ ಗೇಮ್ಸ್ ಟ್ಯಾಂಕ್, 1974, ಅಟಾರಿಯ ಬದ್ಧವೈರಿ ಕಂಪನಿಯ ಅಪರೂಪದ ಮಷೀನ್" ಅಂತ ಹೊಸ ಫೋಟೋ ಬಂದಿದೆ. ಕೀ ಗೇಮ್ಸ್ ವೈರಿನೂ ಅಲ್ಲ ಏನೂ ಅಲ್ಲ, ಅಟಾರಿಯೋರೇ ಒಳಗೊಳಗೆ ಹುಟ್ಟುಹಾಕಿದ್ದು, ಡಿಸ್ಟ್ರಿಬ್ಯೂಟರ್‌ಗಳು ಎಕ್ಸ್‌ಕ್ಲೂಸಿವ್ ಬೇಕು, ಈ ಊರಲ್ಲಿ ನಮಗೊಬ್ರಿಗೇ ಕೊಡಿ ಅಂತಿದ್ರಲ್ಲ, ಒಂದೇ ಊರಲ್ಲಿ ಇಬ್ಬರಿಗೆ ಮಾರೋಕೆ ಅಂತ, ಬುಶ್ನೆಲ್ ಪಕ್ಕದ ಮನೆ ಜೋ ಕೀನನ್ ಅವರನ್ನ ಮೇಲೆ ಕೂರ್ಸಿದ್ರು. ಫೋಟೋ ಐದಾರು ಇದೆ, ಹಿಂಭಾಗದ್ದು ಒಂದೂ ಇಲ್ಲ. ಯಾರಾದ್ರೂ ನೋಡೋಕೆ ಹೋಗೋದಿದ್ರೆ ಅಡ್ವಾನ್ಸ್ ಕಳಿಸೋಕೆ ಮುಂಚೆ ನನಗೊಂದು ಮೆಸೇಜ್ ಹಾಕಿ, ಸ್ಕ್ರೀನ್‌ಶಾಟ್ ಎಲ್ಲ ಇಟ್ಕೊಂಡಿದೀನಿ, ಕಳಿಸ್ತೀನಿ.